ಎಲೆಕ್ಟ್ರಾನಿಕ್ಸ್‌ನಲ್ಲಿ ಯಾವ ಕೆಲಸದಲ್ಲಿ ಪಳಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ಓದುತ್ತಿರುವವರು, ಓದು ಮುಗಿಸಿ ಕೆಲಸ ಹುಡುಕುತ್ತಿರುವವರು, ಕೆಲಸ ಸಿಕ್ಕ ಮೇಲೂ ದಾರಿ ಬದಲಿಸುವ ಯೋಚನೆಯಲ್ಲಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನ ಕಡೆಯವು. ಕನ್ನಡ ಓದುವ ಎಂಜಿನಿಯರುಗಳಲ್ಲಿ ಬಹಳಷ್ಟು ಮಂದಿ ಕೊನೆಗೆ ಬಂದು ಸೇರುವುದು ಇಲ್ಲಿಗೇ.

ಎಂಬೆಡೆಡ್ ತಗೊಳ್ಳಲೋ, ವಿಎಲ್‌ಎಸ್‌ಐ ತಗೊಳ್ಳಲೋ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವವರು ಸಾಮಾನ್ಯವಾಗಿ ಏನನ್ನೋ ಮಾರುತ್ತಿರುತ್ತಾರೆ. ವಿಎಲ್‌ಎಸ್‌ಐ (ಚಿಪ್ ರೂಪಿಸುವ ಕೆಲಸ) ಅನ್ನುವ ಒಂದೇ ಬೋರ್ಡಿನ ಕೆಳಗೆ ಐದಾರು ಬೇರೆ ಬೇರೆ ಕಸುಬುಗಳಿವೆ. ಚಿಪ್ಪಿನ ತರ್ಕವನ್ನು ಕೋಡಿನಲ್ಲಿ (ಆರ್‌ಟಿಎಲ್) ಬರೆಯುವವರು, ಅದರಲ್ಲಿ ತಪ್ಪು ಹುಡುಕುವ ವೆರಿಫಿಕೇಷನ್‌ನವರು, ಲಾಜಿಕ್ ಗೇಟುಗಳನ್ನು ಚಿಪ್ಪಿನ ಮೇಲೆ ಜೋಡಿಸಿ ತಂತಿ ಎಳೆಯುವ ಫಿಸಿಕಲ್ ಡಿಸೈನ್‌ನವರು, ತಯಾರಾದ ಚಿಪ್ಪನ್ನು ಪರೀಕ್ಷಿಸಲು ಒಳಗೇ ದಾರಿ ಮಾಡಿಡುವ ಡಿಎಫ್‌ಟಿಯವರು, ಅನಲಾಗ್ ಲೇಔಟ್‌ನವರು. ಇವರಲ್ಲಿ ಒಬ್ಬರ ದಿನಚರಿಗೂ ಇನ್ನೊಬ್ಬರ ದಿನಚರಿಗೂ ಸಂಬಂಧವೇ ಇರುವುದಿಲ್ಲ. ಉಪಕರಣದೊಳಗಿನ ಪುಟ್ಟ ಕಂಪ್ಯೂಟರನ್ನು ಓಡಿಸುವ ಎಂಬೆಡೆಡ್ಡಿನ ಕಥೆಯೂ ಇದೇ. ಸಣ್ಣ ಮೈಕ್ರೊಕಂಟ್ರೋಲರಿಗೆ ಫರ್ಮ್‌ವೇರ್ (ಚಿಪ್ಪಿನೊಳಗೇ ಕೂರುವ ತಂತ್ರಾಂಶ) ಬರೆಯುವವರು ಬೇರೆ, ಲಿನಕ್ಸ್ ಡ್ರೈವರ್ ಬರೆಯುವವರು ಬೇರೆ, ಕಾರಿನ ಇಸಿಯುಗೆ (ನಿಯಂತ್ರಣ ಘಟಕಕ್ಕೆ) ಆಟೊಸಾರ್ ಎಂಬ ತಂತ್ರಾಂಶದ ಚೌಕಟ್ಟನ್ನು ಸಂರಚಿಸುತ್ತ ಕೂರುವವರು ಬೇರೆ.

ಕ್ಷೇತ್ರದ ಹೆಸರು ಕೇಳಿ ಮರುಳಾಗುವ ಮೊದಲು ಆ ಕೆಲಸದಲ್ಲಿರುವ ಯಾರನ್ನಾದರೂ ಹಿಡಿದು ಒಂದೇ ಪ್ರಶ್ನೆ ಕೇಳಿ: ‘ನಿನ್ನೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನೀವು ಏನು ಮಾಡಿದಿರಿ?’ ಅವರು ಹೇಳಿದ್ದು ಕೇಳಿ ನಿಮಗೆ ಆಕಳಿಕೆ ಬಂದರೆ ಆ ದಾರಿ ನಿಮ್ಮದಲ್ಲ, ಸಂಬಳ ಎಷ್ಟೇ ಇರಲಿ.

ಹಾಗಾದರೆ ಆರಿಸುವುದಕ್ಕೆ ಅಳತೆಗೋಲು ಏನು?

ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ಹೊಸದನ್ನು ಕಟ್ಟುವ ಹೊತ್ತು ಕಡಿಮೆ, ಕಟ್ಟಿದ್ದು ಯಾಕೆ ಓಡುತ್ತಿಲ್ಲ ಎಂದು ಹುಡುಕುವ ಹೊತ್ತು ಜಾಸ್ತಿ. ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಯಾವ ಬಗೆಯ ದೋಷ ಹುಡುಕುತ್ತ ಕೂತಾಗ ನಿಮಗೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲವೋ, ಆ ಕಡೆ ಹೋಗಿ.

ಸಿಗ್ನಲಿನ ಅಲೆ ತೋರಿಸುವ ಸ್ಕೋಪಿನ ಪರದೆಯ ಮೇಲೆ ಒಂದು ಅಂಚು ಓರೆಯಾಗಿ ಏರುವುದನ್ನು ಕಂಡು ‘ಯಾಕೆ ಹೀಗೆ’ ಎಂದು ಕೆದಕುವ ಚಟ ಇದೆಯಾ? ಹಾರ್ಡ್‌ವೇರ್, ಬೋರ್ಡ್ ಡಿಸೈನ್, ಪವರ್ ನಿಮಗೆ ಒಗ್ಗಬಹುದು. ಸಾವಿರಾರು ಸಾಲಿನ ಲಾಗ್ ಫೈಲಿನಲ್ಲಿ ಮೊದಲು ಎಡವಿದ ಸಾಲನ್ನು ಹೆಕ್ಕುವ ತಾಳ್ಮೆ ಇದೆಯಾ? ವೆರಿಫಿಕೇಷನ್ ನೋಡಿ. ‘ಈ ಬಿಟ್ ಬರೆದ ಮೇಲೂ ಪೆರಿಫೆರಲ್ ಯಾಕೆ ಏಳುತ್ತಿಲ್ಲ’ ಎಂದು ರೆಫರೆನ್ಸ್ ಮ್ಯಾನುವಲ್ ತಿರುವಿಹಾಕುವುದು ಇಷ್ಟವೇ? ಫರ್ಮ್‌ವೇರ್. ಸಮೀಕರಣ ಬರೆದು ಕಾಗದದ ಮೇಲೇ ಅರ್ಧ ಉತ್ತರ ಕಂಡುಕೊಳ್ಳುವವರಿಗೆ ಆರ್‌ಎಫ್ (ರೇಡಿಯೊ ತರಂಗದ ಸರ್ಕ್ಯೂಟ್), ಅನಲಾಗ್, ಸಿಗ್ನಲ್ ಪ್ರೊಸೆಸಿಂಗ್ ಇವೆ.

ಮಾರುಕಟ್ಟೆಯ ಬೇಡಿಕೆ ಲೆಕ್ಕಕ್ಕಿಲ್ಲವೇ ಎಂದರೆ, ಇದೆ. ಆದರೆ ಅದು ಎರಡನೇ ಜರಡಿ.

ಎಂಬೆಡೆಡ್‌ನಲ್ಲಿ ‘ಪಳಗಿದವನು’ ಅಂದರೆ ಯಾರು? ನನಗೆ ಆರ್ಡಿನೋ ಚೆನ್ನಾಗಿ ಬರುತ್ತದೆ.

ಹೊಸಬರ ಮೈಕ್ರೊಕಂಟ್ರೋಲರ್ ಬೋರ್ಡಾದ ಆರ್ಡಿನೋ ಒಳ್ಳೆಯ ಆರಂಭ. ಆದರೆ ಅದು ನಿಮ್ಮ ಕಣ್ಣಿಂದ ಬಹಳಷ್ಟನ್ನು ಮುಚ್ಚಿಡುತ್ತದೆ. ಪಳಗಿದವರಿಗೂ ಲೈಬ್ರರಿ ಜೋಡಿಸುವವರಿಗೂ ಇರುವ ಅಂತರ ಎಲ್ಲಿ ಬಯಲಾಗುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗ ನೋಡೋಣ. ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ಇದು ಪ್ರತಿ ವರ್ಷ ನಡೆಯುತ್ತದೆ.

ಒಂದು ತಾಪಮಾನ ಸೆನ್ಸರ್ ಮಾಡ್ಯೂಲನ್ನು ಐ2ಸಿ (ಚಿಪ್ಪುಗಳು ಮಾತಾಡಿಕೊಳ್ಳುವ ಎರಡು ತಂತಿಯ ದಾರಿ) ಮೂಲಕ ಎಸ್‌ಟಿಎಂ32 ಮೈಕ್ರೊಕಂಟ್ರೋಲರ್ ಬೋರ್ಡಿಗೆ ಜೋಡಿಸಿದ್ದೀರಿ, ಚೆನ್ನಾಗಿ ಓಡಿದೆ. ಆಮೇಲೆ ಅದೇ ಸೆನ್ಸರ್ ಚಿಪ್ಪನ್ನು ಹಾಕಿ ಸ್ವಂತ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡಿಸುತ್ತೀರಿ. ಕೋಡ್ ಒಂದಕ್ಷರ ಬದಲಾಗಿಲ್ಲ. ಈಗ ಸೆನ್ಸರ್ ಒಮ್ಮೆ ಉತ್ತರಿಸುತ್ತದೆ, ಒಮ್ಮೆ ಇಲ್ಲ. ಹೆಚ್ಚಿನವರು ಕೋಡಿನಲ್ಲಿ ಡಿಲೇ ಹಾಕುತ್ತಾರೆ, ಲೈಬ್ರರಿ ಬದಲಿಸುತ್ತಾರೆ, ಕೊನೆಗೆ ಚಿಪ್ ನಕಲಿ ಎನ್ನುತ್ತಾರೆ.

ಆಗಿದ್ದು ಇಷ್ಟು. ಐ2ಸಿಯ ಎರಡೂ ತಂತಿಗಳು ಓಪನ್ ಡ್ರೈನ್. ಚಿಪ್ಪುಗಳಿಗೆ ತಂತಿಯನ್ನು ಕೆಳಗೆಳೆಯಲು ಮಾತ್ರ ಬರುತ್ತದೆ, ಮೇಲೆತ್ತುವುದು ಪುಲ್‌ಅಪ್ ರೆಸಿಸ್ಟರಿನ ಕೆಲಸ. ಕೊಂಡುತಂದ ಮಾಡ್ಯೂಲಿನ ಮೇಲೆ ಆ ರೆಸಿಸ್ಟರ್ ಇತ್ತು. ನಿಮ್ಮ ಬೋರ್ಡಿನಲ್ಲಿ ಇಲ್ಲ. ಕೋಡಿನಲ್ಲಿ ಮೈಕ್ರೊಕಂಟ್ರೋಲರಿನ ಒಳಗಿನ ಪುಲ್‌ಅಪ್ ಆನ್ ಆಗಿದ್ದರಿಂದ ಹೇಗೋ ಕುಂಟುತ್ತಿದೆ. ಆ ಒಳಗಿನದು ಸುಮಾರು 40 ಕಿಲೋ ಓಮ್. ತಂತಿಯ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಸಿಗ್ನಲ್ ಏರಲು ಹಿಡಿಯುವ ಸಮಯ 0.85 × ಆರ್ × ಸಿ ಸೂತ್ರದಂತೆ ಸುಮಾರು 3.4 ಮೈಕ್ರೊಸೆಕೆಂಡ್. 100 ಕಿಲೋಹರ್ಟ್ಸ್ ವೇಗಕ್ಕೆ ಐ2ಸಿ ನಿಯಮ ಒಪ್ಪುವುದು ಹೆಚ್ಚೆಂದರೆ 1 ಮೈಕ್ರೊಸೆಕೆಂಡ್. ಎಲ್ಲರೂ ಕಣ್ಣುಮುಚ್ಚಿ ಹಾಕುವ 4.7 ಕಿಲೋ ಓಮ್ ಹಾಕಿದರೆ ಸುಮಾರು 400 ನ್ಯಾನೊಸೆಕೆಂಡ್ ಆಗುತ್ತದೆ, 100 ಕಿಲೋಹರ್ಟ್ಸ್‌ಗೆ ಧಾರಾಳ ಸಾಕು. ವೇಗವನ್ನು 400 ಕಿಲೋಹರ್ಟ್ಸ್‌ಗೆ ಏರಿಸಿದಿರೋ, ಅಲ್ಲಿನ ಮಿತಿ 300 ನ್ಯಾನೊಸೆಕೆಂಡ್, ಅದೇ 4.7 ಕಿಲೋ ಓಮ್ ಈಗ ಸಾಲದು. 2.2 ಕಿಲೋ ಓಮ್ ಹಾಕಿದರೆ 190ರೊಳಗೆ ಬರುತ್ತದೆ.

ಈ ಲೆಕ್ಕದಲ್ಲಿ ಮೊದಲ ವರ್ಷದ ಆರ್‌ಸಿ ಸರ್ಕ್ಯೂಟ್ ಬಿಟ್ಟರೆ ಬೇರೇನೂ ಇಲ್ಲ. ಅದನ್ನು ಪರೀಕ್ಷೆಗೆ ಬರೆದವರು ಸಾವಿರಾರು ಮಂದಿ. ಸೆನ್ಸರ್ ಸತ್ತಾಗ ಅದನ್ನು ನೆನೆಯುವವರು ಕೆಲವೇ ಮಂದಿ, ಸಂದರ್ಶನದಲ್ಲಿ ಕಂಪನಿಗಳು ಹುಡುಕುವುದು ಅವರನ್ನೇ.

ಆರ್ಡಿನೋ ಆದ ಮೇಲೆ ಏನು ಕಲಿಯಬೇಕು?

ಸಿ ಭಾಷೆಯನ್ನು ಪಾಯಿಂಟರ್, ವೊಲಟೈಲ್, ಬಿಟ್ ಆಪರೇಷನ್ ಸಮೇತ ಗಟ್ಟಿ ಮಾಡಿ. ಒಂದು ಆರ್ಮ್ ಕಾರ್ಟೆಕ್ಸ್-ಎಂ ಬೋರ್ಡ್ ಹಿಡಿದು ಜಿಪಿಐಒ (ಪಿನ್‌ಗಳ ನಿಯಂತ್ರಣ), ಟೈಮರ್, ಯುಎಆರ್‌ಟಿ (ಸರಣಿ ಸಂವಹನ), ಇಂಟರಪ್ಟ್ ಇಷ್ಟನ್ನು ತಯಾರಕರ ಲೈಬ್ರರಿ ಇಲ್ಲದೆ ರಿಜಿಸ್ಟರ್ ಮಟ್ಟದಲ್ಲಿ ಒಮ್ಮೆಯಾದರೂ ಬರೆಯಿರಿ. ಆಮೇಲೆ ಲೈಬ್ರರಿ ಬಳಸಿ, ಯಾರೂ ಬೇಡ ಎನ್ನುವುದಿಲ್ಲ. ಅಲ್ಲಿಂದ ಮುಂದೆ ಫ್ರೀಆರ್‌ಟಿಒಎಸ್ ಅಥವಾ ಜೆಫೈರ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ವಾಹನದ ಕಡೆ ಮನಸ್ಸಿದ್ದರೆ ಕಾರಿನ ಘಟಕಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಕಲಿಯಿರಿ. ಕ್ಯಾನ್ ಗೊತ್ತು ಎನ್ನುವವರಿಗೆ ಒಂದು ಸಣ್ಣ ಪರೀಕ್ಷೆ: ಪವರ್ ತೆಗೆದು ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಎಷ್ಟು ಓಮ್ ಬರಬೇಕು? ಎರಡೂ ತುದಿಗೆ 120 ಓಮ್ ಇರುವುದರಿಂದ 60. ಮೀಟರ್ 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಕಾಣೆಯಾಗಿದೆ ಎಂದರ್ಥ.

ವೆರಿಫಿಕೇಷನ್ ಎರಡನೇ ದರ್ಜೆಯ ಕೆಲಸ ಅಂತಾರೆ, ನಿಜವೇ?

ಹಾಗೆ ಹೇಳುವವರು ಚಿಪ್ ಕಂಪನಿಯ ಒಳಗೆ ಕಾಲಿಟ್ಟಿರುವುದಿಲ್ಲ. ತಯಾರಿಕೆಗೆ ಹೋದ ಮೇಲೆ ಚಿಪ್ಪಿನಲ್ಲಿ ತಪ್ಪು ಕಂಡರೆ ಮಾಸ್ಕ್ (ಚಿಪ್ ಅಚ್ಚೊತ್ತುವ ಮಾದರಿ) ಮತ್ತೆ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಸಾಫ್ಟ್‌ವೇರಿನಂತೆ ರಾತ್ರೋರಾತ್ರಿ ಅಪ್‌ಡೇಟ್ ಕಳಿಸಿ ಕೈತೊಳೆಯಲು ಬರುವುದಿಲ್ಲ. ಹಾಗಾಗಿ ದೊಡ್ಡ ಚಿಪ್ಪುಗಳ ತಂಡದಲ್ಲಿ ಡಿಸೈನ್‌ನವರಿಗಿಂತ ವೆರಿಫಿಕೇಷನ್‌ನವರೇ ಹೆಚ್ಚಿರುವುದು ಸಾಮಾನ್ಯ. ಹೊಸಬರಿಗೆ ಬಾಗಿಲು ಹೆಚ್ಚಾಗಿ ತೆರೆಯುವುದೂ ಇಲ್ಲೇ.

ಸಿಸ್ಟಮ್‌ವೆರಿಲಾಗ್ ಭಾಷೆ, ಅದರಲ್ಲಿ ಪರೀಕ್ಷೆ ಕಟ್ಟುವ ಯುವಿಎಂ ಚೌಕಟ್ಟು ಕಲಿಯಬೇಕು. ಆದರೆ ಯುವಿಎಂನ ಕ್ಲಾಸುಗಳ ಹೆಸರು ಬಾಯಿಪಾಠ ಮಾಡಿದವರು ಈಗ ಬೇಕಾದಷ್ಟಿದ್ದಾರೆ. ಒಂದು ಸಣ್ಣ ಫಿಫೋ (ಮೊದಲು ಬಂದದ್ದು ಮೊದಲು ಹೋಗುವ ಡೇಟಾ ಸಾಲು) ತೆಗೆದುಕೊಂಡು, ಅದು ಯಾವ ಯಾವ ರೀತಿಯಲ್ಲಿ ಕೆಡಬಹುದು ಎಂದು ಪಟ್ಟಿ ಮಾಡಿ ನೋಡಿ. ತುಂಬಿದಾಗ ಬರೆದರೆ? ಖಾಲಿ ಇದ್ದಾಗ ಓದಿದರೆ? ಒಂದೇ ಕ್ಲಾಕ್‌ನಲ್ಲಿ ಓದುವುದೂ ಬರೆಯುವುದೂ ನಡೆದರೆ? ಅರ್ಧದಲ್ಲಿ ರೀಸೆಟ್ ಬಿದ್ದರೆ? ಪಟ್ಟಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಿಮ್ಮ ಸದ್ಯದ ಮಟ್ಟ. ಲಕ್ಷಾಂತರ ರೂಪಾಯಿಯ ಸಿಮ್ಯುಲೇಟರ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಐಕಾರಸ್ ವೆರಿಲಾಗ್, ವೆರಿಲೇಟರ್, ಪೈಥಾನ್‌ನಲ್ಲಿ ಟೆಸ್ಟ್ ಬರೆಯುವ ಕೊಕೊಟಿಬಿ ಎಲ್ಲವೂ ಉಚಿತ. ಇಡಿಎ ಪ್ಲೇಗ್ರೌಂಡ್‌ನಲ್ಲಿ ಬ್ರೌಸರಿನಲ್ಲೇ ಯುವಿಎಂ ಓಡಿಸಬಹುದು.

ಆರ್‌ಟಿಎಲ್ ಸಂದರ್ಶನಕ್ಕೆ ಏನು ಮುಖ್ಯ?

ಸೆಟಪ್ ಮತ್ತು ಹೋಲ್ಡ್, ಅಂದರೆ ಕ್ಲಾಕಿನ ಅಂಚಿಗೆ ಮುಂಚೆ ಮತ್ತು ಆಮೇಲೆ ಡೇಟಾ ಬದಲಾಗದೆ ಇರಬೇಕಾದ ಸಮಯ. ಇದನ್ನು ಕೇಳದ ಸಂದರ್ಶನ ಅಪರೂಪ. ವ್ಯಾಖ್ಯೆ ಎಲ್ಲರೂ ಹೇಳುತ್ತಾರೆ. ಮುಂದಿನ ಪ್ರಶ್ನೆಯಲ್ಲಿ ಜಾರುತ್ತಾರೆ: ‘ಚಿಪ್ ಕೈಗೆ ಬಂದಿದೆ. ಕ್ಲಾಕ್ ವೇಗ ಇಳಿಸಿದರೆ ಯಾವ ದೋಷ ಹೋಗುತ್ತದೆ?’ ಸೆಟಪ್ ದೋಷ ಹೋಗುತ್ತದೆ, ಏಕೆಂದರೆ ಡೇಟಾ ಬಂದು ಸೇರಲು ಹೆಚ್ಚು ಸಮಯ ಸಿಗುತ್ತದೆ. ಹೋಲ್ಡ್ ದೋಷಕ್ಕೆ ಕ್ಲಾಕಿನ ಅವಧಿ ಸಂಬಂಧವೇ ಇಲ್ಲ, ಅದು ಒಂದೇ ಅಂಚಿನಲ್ಲಿ ನಡೆಯುವ ಓಟ. ಹಾಗಾಗಿ ನಿಧಾನ ಮಾಡಿದರೂ ಅದು ಅಲ್ಲೇ ಇರುತ್ತದೆ. ಇದರ ಜೊತೆಗೆ ಎರಡು ಕ್ಲಾಕುಗಳ ನಡುವೆ ಸಿಗ್ನಲ್ ದಾಟಿಸುವುದು ಹೇಗೆ ಎನ್ನುವುದನ್ನು ಒಂದು ಅಗ್ಗದ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ಒಳಗೆ ತುಂಬಬಹುದಾದ ಚಿಪ್) ಬೋರ್ಡಿನ ಮೇಲೆ ಮಾಡಿ ನೋಡಿ.

ವಿಎಲ್‌ಎಸ್‌ಐ ಕೋಚಿಂಗಿಗೆ ಲಕ್ಷಗಟ್ಟಲೆ ಕೊಡಬೇಕಾ?

ಮೊದಲು ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್‌ನ ಡಿಜಿಟಲ್ ಡಿಸೈನ್ ಕೋರ್ಸೊಂದನ್ನು ಪೂರ್ತಿ ಮುಗಿಸಿ, ಮೇಲೆ ಹೇಳಿದ ಉಚಿತ ಟೂಲುಗಳಲ್ಲಿ ಒಂದು ಯುಎಆರ್‌ಟಿ ಬರೆದು ಅದನ್ನು ನೀವೇ ವೆರಿಫೈ ಮಾಡಿ. ಅಷ್ಟನ್ನು ಮನೆಯಲ್ಲೇ ಮುಗಿಸಿದ ಮೇಲೂ ‘ನನಗೆ ಶಿಸ್ತಿನ ಚೌಕಟ್ಟು ಬೇಕು, ಕಂಪನಿಗಳಲ್ಲಿ ಬಳಸುವ ಟೂಲಿನ ಪರಿಚಯ ಬೇಕು’ ಎನಿಸಿದರೆ ಸೇರಿ. ಅಷ್ಟನ್ನೂ ಮುಗಿಸಲಾಗದಿದ್ದರೆ ಫೀಸು ಕಟ್ಟಿದ ಮಾತ್ರಕ್ಕೆ ಆಸಕ್ತಿ ಹುಟ್ಟುವುದಿಲ್ಲ. ಸೇರುವ ಮೊದಲು ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಮಾತನ್ನು ಲಿಖಿತವಾಗಿ ಕೇಳಿ. ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಸಾಲ ಮಾಡಿ ಸೇರುವುದನ್ನು ನಾನಂತೂ ಒಪ್ಪುವುದಿಲ್ಲ.

ಅನಲಾಗ್, ಆರ್‌ಎಫ್‌ಗೆ ಬಿಇ ಸಾಕೇ?

ಚಿಪ್ಪಿನ ಒಳಗಿನ ಅನಲಾಗ್ ಡಿಸೈನ್‌ಗೆ ಸಾಮಾನ್ಯವಾಗಿ ಎಂಟೆಕ್ ಅಥವಾ ಅದಕ್ಕೂ ಮೇಲೆ ಕೇಳುತ್ತಾರೆ. ಗೇಟ್ ಪರೀಕ್ಷೆ ಬರೆದು ಒಳ್ಳೆಯ ಕಡೆ ಸೇರುವುದು ಇಲ್ಲಿ ನಿಜಕ್ಕೂ ಲಾಭ. ಬೋರ್ಡ್ ಮಟ್ಟದ ಅನಲಾಗ್‌ಗೆ ಬಿಇ ಸಾಕು, ಕೈಚಳಕ ಬೇಕು.

ಆರ್‌ಎಫ್ ಕಲಿಯುವವರಿಗೆ ಬೆಂಗಳೂರಿನಷ್ಟು ಅನುಕೂಲದ ಊರು ದೇಶದಲ್ಲಿ ಕಡಿಮೆ. ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇದೆ, ರೇಡಾರ್‌ಗೆಂದೇ ಇರುವ ಡಿಆರ್‌ಡಿಒದ ಎಲ್‌ಆರ್‌ಡಿಇ ಇದೆ, ಇಸ್ರೊದ ಉಪಗ್ರಹ ಕೇಂದ್ರ ಇದೆ. ಇವುಗಳಿಗೆ ಬಿಡಿ ಕೆಲಸ ಮಾಡಿಕೊಡುವ ಸಣ್ಣ ಕಂಪನಿಗಳೂ ಇವೆ. ಒಂದು ಕಾಲಕ್ಕೆ ಆಂಟೆನಾ ಅಳೆಯುವ ನೆಟ್‌ವರ್ಕ್ ಅನಲೈಸರ್ ಮುಟ್ಟಬೇಕೆಂದರೆ ಪ್ರಯೋಗಾಲಯದ ಬೀಗದ ಕೈ ಇದ್ದವರನ್ನು ಓಲೈಸಬೇಕಿತ್ತು. ಈಗ ಅದರ ಪುಟ್ಟ ರೂಪವಾದ ನ್ಯಾನೊವಿಎನ್‌ಎ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ತಾಮ್ರದ ತಂತಿಯಲ್ಲಿ ಒಂದು ಡೈಪೋಲ್ ಆಂಟೆನಾ ಮಾಡಿ, ಸ್ಮಿತ್ ಚಾರ್ಟಿನ ಮೇಲೆ ಅದು 50 ಓಮ್‌ನ ಹತ್ತಿರ ಬರುವಂತೆ ತುದಿ ಕತ್ತರಿಸುತ್ತ ಹೋಗಿ. ಒಂದು ಸೆಮಿಸ್ಟರಿನ ಪಾಠ ಒಂದು ಮಧ್ಯಾಹ್ನದಲ್ಲಿ ತಲೆಗೆ ಇಳಿಯುತ್ತದೆ.

ಇವಿ ಬಂದಿದೆಯಲ್ಲ, ಪವರ್ ಎಲೆಕ್ಟ್ರಾನಿಕ್ಸ್ ಹೇಗೆ?

ಇಸಿಯವರು ಇದನ್ನು ಇಇಯವರಿಗೆ (ಎಲೆಕ್ಟ್ರಿಕಲ್ ಓದಿದವರಿಗೆ) ಬಿಟ್ಟುಕೊಟ್ಟು ಕೂತಿದ್ದಾರೆ, ಬಿಡಬಾರದಿತ್ತು. ಚಾರ್ಜರ್, ಮೋಟರ್ ಕಂಟ್ರೋಲರ್, ಬ್ಯಾಟರಿ ಮ್ಯಾನೇಜ್‌ಮೆಂಟ್ ಮೂರರಲ್ಲೂ ಸರ್ಕ್ಯೂಟ್, ಫರ್ಮ್‌ವೇರ್, ಶಾಖ ಒಟ್ಟಿಗೆ ಬರುತ್ತವೆ. ಮೂರನ್ನೂ ಬಲ್ಲವರು ಕಡಿಮೆ. ಬೆಂಗಳೂರು, ಹೊಸೂರು ಭಾಗದಲ್ಲಿ ಕೆಲಸವೂ ಇದೆ.

ಈ ವಿದ್ಯೆ ಶಾಖದ ಲೆಕ್ಕದಿಂದ ಶುರುವಾಗುತ್ತದೆ. 12 ವೋಲ್ಟನ್ನು 7805 ಎಂಬ ರೆಗ್ಯುಲೇಟರ್ ಐಸಿಯಿಂದ 5 ವೋಲ್ಟಿಗೆ ಇಳಿಸಿ 500 ಮಿಲಿಆಂಪ್ ಎಳೆದರೆ, ಉಳಿದ 7 ವೋಲ್ಟ್ × 0.5 ಆಂಪ್, ಅಂದರೆ 3.5 ವಾಟ್ ಆ ಪುಟ್ಟ ಐಸಿಯಲ್ಲಿ ಶಾಖವಾಗಬೇಕು. ಹೀಟ್‌ಸಿಂಕ್ ಇಲ್ಲದಿದ್ದರೆ ಐಸಿ ತಾನಾಗಿಯೇ ಆಫ್ ಆಗುತ್ತದೆ. ಡೆಮೊ ದಿನ ‘ಐದು ನಿಮಿಷ ಓಡಿ ನಿಂತುಹೋಗುತ್ತದೆ ಸರ್’ ಎನ್ನುವ ಪ್ರಾಜೆಕ್ಟುಗಳಲ್ಲಿ ಅರ್ಧದಷ್ಟು ಇವೇ ಎಂದು ನನ್ನ ಗುಮಾನಿ. ಇದೇ ಜಾಗಕ್ಕೆ ಕಡಿಮೆ ಶಾಖದಲ್ಲೇ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರನ್ನು ನೀವೇ ಲೆಕ್ಕಹಾಕಿ ಕಟ್ಟಿದರೆ ಈ ಕ್ಷೇತ್ರದ ಹೊಸ್ತಿಲು ದಾಟಿದ ಹಾಗೆ. ಮನೆಯ 230 ವೋಲ್ಟ್ ಲೈನಿನ ಮೇಲೆ ಒಬ್ಬರೇ ಪ್ರಯೋಗ ಮಾಡಬೇಡಿ. ಜೊತೆಯಲ್ಲಿ ಅನುಭವಿಗಳು ಇರಲೇಬೇಕು.

ಪಿಸಿಬಿ ಡಿಸೈನ್ ಕಲಿತರೆ ಅದೊಂದೇ ಹೊಟ್ಟೆ ಹೊರೆಯುತ್ತದೆಯೇ?

ಹೊರೆಯುತ್ತದೆ. ಹೈಸ್ಪೀಡ್ ಬೋರ್ಡ್, ಸಿಗ್ನಲ್ ಇಂಟೆಗ್ರಿಟಿ, ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಪರೀಕ್ಷೆಯಲ್ಲಿ ಪಾಸಾಗುವಂಥ ಲೇಔಟ್ ಮಾಡಬಲ್ಲವರನ್ನು ಹುಡುಕಿಕೊಂಡು ಬರುತ್ತಾರೆ. ಬೇರೆ ಯಾವ ದಾರಿ ಹಿಡಿದರೂ ಕೈಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಪದರದ ಬೋರ್ಡೊಂದನ್ನು ಮಾಡಿ, ತರಿಸಿ, ಸ್ವತಃ ಬೆಸುಗೆ ಹಾಕಿ ಎಬ್ಬಿಸಿರಬೇಕು ಎನ್ನುವುದು ನನ್ನ ಪಟ್ಟು. ಬೆಂಗಳೂರಿನ ಬಾಡಿಗೆಗೆ ಹೆದರುವವರು ಗಮನಿಸಿ: ನಂಜನಗೂಡಿನಲ್ಲಿ ಎಟಿ ಅಂಡ್ ಎಸ್‌ನ ಪಿಸಿಬಿ ಕಾರ್ಖಾನೆ ಇದೆ, ಎಲೆಕ್ಟ್ರಾನಿಕ್ಸ್ ತಯಾರಿಸುವ ಕೇಯ್ನ್ಸ್ ಟೆಕ್ನಾಲಜಿಯ ಮೂಲ ಮೈಸೂರು.

ಐಒಟಿ (ಇಂಟರ್ನೆಟ್‌ಗೆ ಜೋಡಿಸಿದ ಉಪಕರಣಗಳು)?

ಅದೊಂದು ಪ್ರತ್ಯೇಕ ವಿದ್ಯೆ ಎಂದು ನಾನು ಎಣಿಸುವುದಿಲ್ಲ. ಫರ್ಮ್‌ವೇರ್, ರೇಡಿಯೊ, ಕಡಿಮೆ ಪವರ್ ಡಿಸೈನ್, ಇವುಗಳಲ್ಲಿ ಒಂದನ್ನು ಹಿಡಿಯಿರಿ.

ಸೆಮಿಕಂಡಕ್ಟರ್ ಮಿಷನ್ ಬಂತು, ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ) ಬರುತ್ತಿದೆ. ಅದಕ್ಕೆ ತಯಾರಾಗಲೇ?

2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಯಿತು. ಗುಜರಾತಿನ ಧೋಲೇರಾದಲ್ಲಿ ಟಾಟಾ ಫ್ಯಾಬ್, ಸಾಣಂದದಲ್ಲಿ ಮೈಕ್ರಾನ್, ಅಸ್ಸಾಮಿನ ಜಾಗಿರೋಡಿನಲ್ಲಿ ಪ್ಯಾಕೇಜಿಂಗ್ ಘಟಕ ಅದರಲ್ಲಿ ಮುಖ್ಯವಾದವು. ಆದರೆ ಫ್ಯಾಬ್ ಒಳಗಿನ ಕೆಲಸದಲ್ಲಿ ಕೆಮಿಕಲ್, ಮೆಟೀರಿಯಲ್ಸ್, ಮೆಕ್ಯಾನಿಕಲ್, ಭೌತಶಾಸ್ತ್ರದವರಿಗೂ ಇಸಿಯವರಷ್ಟೇ ಪಾಲಿದೆ. ಸಾಧನ ಭೌತಶಾಸ್ತ್ರ, ಪ್ರೊಸೆಸ್, ಅಂಕಿಅಂಶ ವಿಶ್ಲೇಷಣೆ ಇಷ್ಟವಿದ್ದರೆ ಹೋಗಿ. ಚಿಪ್ ಡಿಸೈನ್ ಕೆಲಸಕ್ಕೂ ಫ್ಯಾಬ್ ಎಲ್ಲಿದೆ ಎಂಬುದಕ್ಕೂ ಹೆಚ್ಚು ನಂಟಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಆ ಕೆಲಸ ಇಲ್ಲಿ ನಡೆದೇ ಇದೆ.

ಎಐ ಎಲ್ಲ ಕೋಡ್ ಬರೆದುಬಿಟ್ಟರೆ ನಾವೇಕೆ ಕಲಿಯಬೇಕು?

ಮೇಲಿನ ಐ2ಸಿ ಪ್ರಸಂಗಕ್ಕೆ ಡ್ರೈವರ್ ಬರೆದುಕೊಡು ಎಂದರೆ ಎಐ ಚೆನ್ನಾಗಿಯೇ ಬರೆದುಕೊಡುತ್ತದೆ. ಬೋರ್ಡಿನ ಮೇಲೆ ರೆಸಿಸ್ಟರ್ ಇಲ್ಲ ಎಂಬುದು ಕೋಡಿನಲ್ಲಿ ಬರೆದಿರುವುದಿಲ್ಲವಲ್ಲ. ಪ್ರೋಬ್ ಎಲ್ಲಿ ಇಡಬೇಕು, ಅಲೆಯ ಆಕಾರ ಕಂಡು ಯಾವ ಪ್ರಶ್ನೆ ಕೇಳಬೇಕು ಎನ್ನುವುದು ಸದ್ಯಕ್ಕೆ ನಿಮ್ಮ ಪಾಲಿಗೇ ಇದೆ. ಬರೀ ಕೋಡ್ ಟೈಪ್ ಮಾಡುವುದೇ ನಿಮ್ಮ ಬಂಡವಾಳವಾದರೆ ಹೆದರುವುದು ಸರಿ.

ಕನ್ನಡ ಮಾಧ್ಯಮದಿಂದ ಬಂದವನು. ಡೇಟಾಶೀಟ್ ಓದಲು ಹೆದರಿಕೆ.

ಡೇಟಾಶೀಟಿನ (ಚಿಪ್ಪಿನ ವಿವರಪತ್ರದ) ಇಂಗ್ಲಿಷ್ ಬಹಳ ಸಣ್ಣದು, ಅವೇ ಇನ್ನೂರು ಮುನ್ನೂರು ಪದಗಳು ಮರಳಿ ಮರಳಿ ಬರುತ್ತವೆ. ಇಂಗ್ಲಿಷ್ ಮಾಧ್ಯಮದವರೂ ಎಡವುವುದು ಕೋಷ್ಟಕ ಓದುವಲ್ಲಿ. ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ತೆಗೆದುಕೊಳ್ಳಿ. ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿದೆ, ಹಾಗಾಗಿ ಇಎಸ್‌ಪಿ32 ಮೈಕ್ರೊಕಂಟ್ರೋಲರಿನ 3.3 ವೋಲ್ಟ್ ಸಾಕು ಎಂದುಕೊಳ್ಳುತ್ತಾರೆ. ಥ್ರೆಶೋಲ್ಡ್ ಅಂದರೆ ಬರೀ 250 ಮೈಕ್ರೊಆಂಪ್ ಹರಿಯಲು ಶುರುವಾಗುವ ಬಿಂದು. ಆನ್ ರೆಸಿಸ್ಟೆನ್ಸ್ ಕೊಟ್ಟಿರುವ ಸಾಲಿನ ಪಕ್ಕ ನೋಡಿದರೆ ಗೇಟ್ ವೋಲ್ಟೇಜ್ 10 ಎಂದಿರುತ್ತದೆ. 3.3 ವೋಲ್ಟ್ ಕೊಟ್ಟರೆ ಮಾಸ್‌ಫೆಟ್ ಅರೆಬರೆ ತೆರೆದು ಕಾದು ಕೆಂಡವಾಗುತ್ತದೆ. ದಿನಕ್ಕೊಂದು ಡೇಟಾಶೀಟಿನ ಮೊದಲ ಪುಟ, ಎಲೆಕ್ಟ್ರಿಕಲ್ ಕೋಷ್ಟಕ, ಅದರ ಷರತ್ತಿನ ಕಾಲಂ ಇಷ್ಟನ್ನು ಓದಿ. ಎರಡು ತಿಂಗಳಲ್ಲಿ ಹೆದರಿಕೆ ಬಿಡುತ್ತದೆ.

ಕಾಲೇಜಿನಲ್ಲಿ 8051 ಕಲಿಸಿದರು. ವ್ಯರ್ಥವೇ?

1980ರ ಮೈಕ್ರೊಕಂಟ್ರೋಲರ್ ಚಿಪ್ ನಿಜ. ರಿಜಿಸ್ಟರ್, ಸ್ಟ್ಯಾಕ್, ಇಂಟರಪ್ಟ್ ಅರ್ಥವಾಗಿದ್ದರೆ ವ್ಯರ್ಥವಲ್ಲ. ಅಸೆಂಬ್ಲಿ ಪ್ರೋಗ್ರಾಮುಗಳನ್ನು ಉರು ಹೊಡೆದಿದ್ದರೆ ವ್ಯರ್ಥ.

ಐಟಿ ಕಂಪನಿಯ ಆಫರ್ ಬಂದಿದೆ, ಕೋರ್ (ಎಲೆಕ್ಟ್ರಾನಿಕ್ಸ್) ಕಂಪನಿ ಸಿಕ್ಕಿಲ್ಲ. ಏನು ಮಾಡಲಿ?

ಮನೆಯಲ್ಲಿ ಸಂಬಳ ಬೇಕಾಗಿದ್ದರೆ ಸೇರಿ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಬಾಂಡ್ ಓದಿ ಸಹಿ ಹಾಕಿ. ವಾಪಸು ಬರುವ ಮನಸ್ಸಿದ್ದರೆ ಮೊದಲ ವರ್ಷದೊಳಗೇ ವಾರಾಂತ್ಯದ ಕೆಲಸ ಶುರುವಾಗಬೇಕು. ಎರಡು ಮೂರು ವರ್ಷ ಕಳೆದ ಮೇಲೆ ಫ್ರೆಷರ್ ಎಂದೂ ತೆಗೆದುಕೊಳ್ಳುವುದಿಲ್ಲ, ಅನುಭವಿ ಎಂದೂ ಎಣಿಸುವುದಿಲ್ಲ.

ಡಿಪ್ಲೊಮಾ ಮಾಡಿದವರಿಗೆ ಏನಿದೆ?

ಟೆಸ್ಟಿಂಗ್, ಪಿಸಿಬಿ ಲೇಔಟ್, ರಿವರ್ಕ್, ಪ್ರೊಡಕ್ಷನ್ ಎಂಜಿನಿಯರಿಂಗ್. ಅತಿ ಸಣ್ಣ ಬಿಡಿಭಾಗಗಳಿಗೆ ಕೈಯಲ್ಲೇ ಬೆಸುಗೆ ಹಾಕಬಲ್ಲ, ಸತ್ತ ಬೋರ್ಡಿನಲ್ಲಿ ಶಾರ್ಟ್ ಎಲ್ಲಿದೆಯೆಂದು ಹುಡುಕಬಲ್ಲ ಟೆಕ್ನಿಷಿಯನ್‌ಗೆ ಯಾವ ಹಾರ್ಡ್‌ವೇರ್ ಲ್ಯಾಬಿನಲ್ಲೂ ಬಿಇ ಹುಡುಗರಿಗಿಂತ ಹೆಚ್ಚು ಮರ್ಯಾದೆ.

ಫೈನಲ್ ಇಯರ್ ಪ್ರಾಜೆಕ್ಟ್ ಕೊಂಡುಕೊಂಡರೆ ತಪ್ಪೇ?

ಅಂಕ ಬರುತ್ತದೆ. ‘ಈ ಕೆಪಾಸಿಟರ್ ಇಲ್ಲಿ ಯಾಕಿದೆ?’ ಎಂದು ಸಂದರ್ಶನದಲ್ಲಿ ಕೇಳಿದಾಗ ಮಾರಿದವನು ಪಕ್ಕದಲ್ಲಿ ಇರುವುದಿಲ್ಲ.

ಒಂದು ವಿದ್ಯೆಗೆ ಎಷ್ಟು ಕಾಲ ಕೊಡಬೇಕು? ನಡುವೆ ಬೇಸರವಾದರೆ?

ಕೆಲಸ ಸಿಗುವ ಮಟ್ಟಕ್ಕೆ ಆರು ತಿಂಗಳಿಂದ ಒಂದು ವರ್ಷ, ದಿನಕ್ಕೆರಡು ಗಂಟೆಯ ಲೆಕ್ಕದಲ್ಲಿ. ಪಳಗಿದೆ ಎನಿಸಿಕೊಳ್ಳಲು ಕೆಲಸದಲ್ಲಿ ಮೂರು ನಾಲ್ಕು ವರ್ಷ. ಮೂರನೇ ತಿಂಗಳಲ್ಲಿ ಎಲ್ಲರಿಗೂ ಬೇಸರ ಬರುತ್ತದೆ, ಆಗ ಕ್ಷೇತ್ರ ಬದಲಿಸಬೇಡಿ, ಪ್ರಾಜೆಕ್ಟ್ ಬದಲಿಸಿ. ಎರಡು ಮೂರು ಪ್ರಾಜೆಕ್ಟ್ ಮುಗಿಸಿದ ಮೇಲೂ ದೋಷ ಹುಡುಕುವುದೇ ಶಿಕ್ಷೆ ಎನಿಸಿದರೆ ಆಗ ಬೇರೆ ದಾರಿ ನೋಡಿ. ಕಲಿತ ಸರ್ಕ್ಯೂಟ್, ಸಿ, ಅಳತೆಯ ಅಭ್ಯಾಸ ಜೊತೆಗೇ ಬರುತ್ತವೆ.

ಮನೆಯಲ್ಲೇ ಕಲಿಯಲು ಏನೇನು ಕೊಳ್ಳಬೇಕು?

ನಂಬಿಕಸ್ಥ ಮಲ್ಟಿಮೀಟರ್, ತಾಪಮಾನ ನಿಯಂತ್ರಣವಿರುವ ಬೆಸುಗೆ ಕಡ್ಡಿ, ಎಸ್‌ಟಿಎಂ32ರ ನ್ಯೂಕ್ಲಿಯೊ ಬೋರ್ಡ್, ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್. ಅದಕ್ಕೆ ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶ ಸಾಕು. ಸರ್ಕ್ಯೂಟ್ ಸಿಮ್ಯುಲೇಷನ್‌ಗೆ ಎಲ್‌ಟಿಸ್ಪೈಸ್, ಅದೂ ಉಚಿತ. ಸ್ಕೋಪ್ ಕೊಳ್ಳುವುದನ್ನು ಮುಂದೂಡಿ, ಕಾಲೇಜಿನದ್ದನ್ನು ಬಳಸಿ. ಸಂಜೆ ಲ್ಯಾಬ್ ತೆರೆದಿಡುವ ಒಬ್ಬ ಮೇಷ್ಟ್ರನ್ನು ಪತ್ತೆ ಹಚ್ಚುವುದೂ ಕಲಿಕೆಯ ಭಾಗವೇ.

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌ಪಿ ರೋಡ್ ಇದೆ. ರೆಸಿಸ್ಟರ್, ಕನೆಕ್ಟರ್, ತಂತಿ, ಟ್ರಾನ್ಸ್‌ಫಾರ್ಮರ್ ಅಲ್ಲಿ ಕೊಳ್ಳಿ, ಚೌಕಾಸಿ ಮಾಡಿ. ಮೈಕ್ರೊಕಂಟ್ರೋಲರ್, ಮಾಸ್‌ಫೆಟ್, ನಿಖರ ಆಪ್‌ಆಂಪ್ ಬೇಕಾದಾಗ ಅಧಿಕೃತ ವಿತರಕರಿಂದಲೇ ತರಿಸಿ. ಎಸ್‌ಟಿಎಂ32 ಹೆಸರಿನ ಅಗ್ಗದ ಬ್ಲೂಪಿಲ್ ಬೋರ್ಡುಗಳ ಮೇಲೆ ಬೇರೆ ತಯಾರಕರ ತದ್ರೂಪಿ ಚಿಪ್ ಕೂತಿರುವುದು ಮಾಮೂಲು. ಡೀಬಗರ್ ಜೋಡಿಸಿದಾಗ ಚಿಪ್ಪಿನ ಗುರುತಿನ ಸಂಖ್ಯೆ ಹೊಂದುತ್ತಿಲ್ಲ ಎಂಬ ಸಂದೇಶ ಬಂದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ.